ರುಚಿ ನೋಡುವವಳ ಇನ್ಸುಲಿನ್

ಫೆಬ್ರವರಿ 3

ಅಮ್ಮಾ,

ಕೈಯಲ್ಲಿ ಫೋನ್ ಇಟ್ಟುಕೊಂಡು ಕಾಗದ ಬರೆಯುವ ಹುಚ್ಚು ಇವಳಿಗೆ ಎಲ್ಲಿಂದ ಹತ್ತಿತು ಎಂದು ನೀನು ಅಪ್ಪನ ಮುಂದೆ ಗೊಣಗುತ್ತಿರುತ್ತೀಯ, ಗೊತ್ತು. ಫೋನಿನಲ್ಲಿ ನಾವು ಮಾತಾಡುವುದಿಲ್ಲ ಅಮ್ಮಾ, ವರದಿ ಒಪ್ಪಿಸುತ್ತೇವೆ. "ಎಷ್ಟಿದೆ?" "ನೂರಾ ನಲವತ್ತು." "ಊಟಕ್ ಮುಂಚೆನಾ, ಆಮೇಲಾ?" ಅಷ್ಟರಲ್ಲಿ ಒಬ್ಬರಿಗೆ ಸಿಟ್ಟು ಬಂದಿರುತ್ತದೆ, ಇನ್ನೊಬ್ಬರು ಫೋನ್ ಇಟ್ಟಿರುತ್ತಾರೆ. ನನ್ನ ಆರನೇ ವಯಸ್ಸಿನಿಂದ ನಮ್ಮ ಮನೆಯಲ್ಲಿ ನಗಬೇಕೋ ಸುಮ್ಮನಿರಬೇಕೋ ಎಂದು ತೀರ್ಮಾನಿಸಿದ್ದು ನನ್ನ ರಕ್ತದ ಸಕ್ಕರೆ. ಅದಕ್ಕೇ ಹೋದ ವಾರ, ತೋಳಿನ ಸೆನ್ಸರಿನಿಂದ ನಿನ್ನ ಫೋನಿಗೆ ಅಂಕಿ ಬರುವುದನ್ನು ನಿಲ್ಲಿಸಿದೆ. ಕೋಪದಿಂದಲ್ಲ. ನಾನು ಹೇಗಿದ್ದೇನೆ ಎಂದು ನೀನು ನನ್ನನ್ನೇ ಕೇಳಲಿ ಎಂದು.

ಈಗ ಸಂತೋಷದ ಸುದ್ದಿ. ಡಬ್ಬ ಕಟ್ಟುವ ಮೇಜಿನಿಂದ ನನ್ನನ್ನು ಒಳಗೆ ಕೇಕ್ ವಿಭಾಗಕ್ಕೆ ಹಾಕಿದ್ದಾರೆ! ಬೇಕರಿಯ ಯಜಮಾನರು ಒಂದು ದಿನ ಕೆನೆಯ ಬಟ್ಟಲು ನನ್ನ ಮುಂದೆ ಹಿಡಿದು, "ಇದಕ್ಕೇನು ಕಮ್ಮಿ, ಹೇಳು ನೋಡೋಣ" ಎಂದರು. "ಉಪ್ಪು" ಎಂದೆ. ಸುತ್ತ ಇದ್ದವರು ನಕ್ಕರು. ಅವರು ಒಂದು ಚಿಟಿಕೆ ಉಪ್ಪು ಹಾಕಿ ಕಲಸಿ ಬಾಯಿಗಿಟ್ಟುಕೊಂಡರು, ನಗಲಿಲ್ಲ. ಮಾರನೇ ದಿನದಿಂದ ನಾನು ಒಳಗೆ. ಸಕ್ಕರೆ ಕಾಯಿಲೆಯವಳು ಬೇಕರಿಗೆ ಸೇರಿದ್ದಾಳಂತೆ ಎಂದು ನಿನ್ನ ಅಂಗಡಿಗೆ ರವಿಕೆ ಹೊಲಿಸಲು ಬರುವವರೆಲ್ಲ ಹಲ್ಲು ಕಿರಿದರಲ್ಲ, ಅವರಿಗೆ ಹೇಳು.

ಒಂದೇ ತೊಡಕು. ಈಗಿನ ಇನ್ಸುಲಿನ್, ಏನಾದರೂ ತಿನ್ನುವುದಕ್ಕೆ ಕಾಲು ಗಂಟೆ ಮುಂಚೆ ಮೈಗೆ ಹೋಗಬೇಕು. ಯಾವಾಗ ಯಾವ ಚಮಚ ನನ್ನ ಬಾಯಿಗೆ ಬರುತ್ತದೆ ಎಂದು ನನಗೇ ಗೊತ್ತಿರುವುದಿಲ್ಲ. ಸೊಂಟದ ಇನ್ಸುಲಿನ್ ಪಂಪಿನ ಗುಂಡಿ ಒತ್ತುವ ಹೊತ್ತಿಗೆ ಸಕ್ಕರೆ ಆಗಲೇ ಮೇಲೆ ಹತ್ತಿರುತ್ತದೆ. ಇಲ್ಲಿನ ಡಾಕ್ಟರಮ್ಮ ಮೂರು ಬಾಟಲಿ ಸಾಲಾಗಿ ಇಟ್ಟರು. ಮೊದಲನೆಯದು ನಾನು ಹಾಕಿಕೊಳ್ಳುತ್ತಿರುವುದು. ಎರಡನೆಯದು ಅದರ ಅಕ್ಕನೋ ತಂಗಿಯೋ ಇದ್ದ ಹಾಗೆ, ಕೆಲಸ ಅದರಷ್ಟೇ, ಆದರೆ ಎರಡು ದಿನದ ಮೇಲೆ ಪಂಪಿನ ನಳಿಕೆಯಲ್ಲಿ ಕಟ್ಟಿಕೊಳ್ಳುವುದು ಹೆಚ್ಚಂತೆ. ಮೂರನೆಯದು ಹೊಸದು. ತಟ್ಟೆ ಮುಂದೆ ಬಂದ ಮೇಲೆ ಕೊಟ್ಟರೂ ನಡೆಯುತ್ತದೆ, ಅಷ್ಟು ಚುರುಕು. ಕೆಲವರಿಗೆ ಮಾತ್ರ ಸೂಜಿ ಕೂತ ಜಾಗ ಉರಿಯುತ್ತದೆ, ಸೂಜಿ, ನಳಿಕೆಯ ಸೆಟ್ಟನ್ನು ಬೇಗಬೇಗ ಬದಲಿಸಬೇಕಾಗುತ್ತದೆ.

"ಯಾವುದು ಮೇಲು ಡಾಕ್ಟ್ರೇ?" ಎಂದು ಕೇಳಿದೆ.

"ಮೇಲು ಕೀಳು ಇಲ್ಲಮ್ಮ. ನಿನ್ನ ದಿನ ಹೇಗಿರುತ್ತೆ ಅಂತ ಹೇಳು, ಅದಕ್ಕೆ ಯಾವುದು ಹೊಂದುತ್ತೆ ನೋಡೋಣ" ಎಂದರು.

ನನ್ನ ದಿನ ಹೇಗಿರುತ್ತದೆ ಎಂದು ಇದುವರೆಗೆ ಯಾರೂ ಕೇಳಿರಲಿಲ್ಲ ಅಮ್ಮಾ.

ನಿನ್ನ ಗುಬ್ಬಿ


ಫೆಬ್ರವರಿ 14

ಗುಬ್ಬಿ,

ಕಾಗದ ಬಂತು. ನಿಮ್ಮಪ್ಪ ಎರಡು ಸಲ ಓದಿ, "ಉಪ್ಪು ಅಂದಳಂತೆ, ಭಲೇ" ಎಂದು ಒಬ್ಬರೇ ನಕ್ಕರು. ನನಗೆ ನಗು ಬರಲಿಲ್ಲ. ಅಂಕಿ ನಿಲ್ಲಿಸಿದ್ದು ಕೋಪದಿಂದಲ್ಲ ಎಂದು ಬರೆದಿದ್ದೀಯ. ಇರಲಿ. ಹೊಲಿಗೆ ಯಂತ್ರದ ಪಕ್ಕದಲ್ಲಿ ಫೋನ್ ಇಟ್ಟು ಕೂರುವುದು ಅಭ್ಯಾಸವಾಗಿಬಿಟ್ಟಿದೆ. ಈಗಲೂ ಇಡುತ್ತೇನೆ. ಅದರ ಮುಖ ಕಪ್ಪಾಗಿರುತ್ತದೆ.

ಇನ್ಸುಲಿನ್ ವಿಷಯ. ಹಳೆಯದನ್ನು ಬಿಡಬೇಡ. ನೀನು ಮೊದಲನೇ ಸಲ ಆಸ್ಪತ್ರೆಯಿಂದ ಮನೆಗೆ ಬಂದಾಗ ನಿಮ್ಮಪ್ಪ ಸೂಜಿ ನೋಡಿ ಕೋಣೆಯಿಂದ ಹೊರಗೆ ಹೋದರು. ಸೂಜಿ ಹಿಡಿದವಳು ನಾನು. ಪಂಪು ಬಂದ ಮೇಲೆ ನಿನ್ನ ಪ್ರತಿ ಲಂಗಕ್ಕೂ ಒಳಗೆ ಚೀಲ ಹೊಲಿದವಳೂ ನಾನೇ. ಪಂಪಿನಲ್ಲಿ ದಿನವಿಡೀ ಮೈಯಲ್ಲಿ ನಿಲ್ಲುವ ನಿಧಾನದ ಇನ್ಸುಲಿನ್ ಇರುವುದಿಲ್ಲ. ನಳಿಕೆ ಕಟ್ಟಿಕೊಂಡರೆ ಕೆಲವೇ ಗಂಟೆಯಲ್ಲಿ ಮೈಯಲ್ಲಿ ಏನೂ ಉಳಿದಿರುವುದಿಲ್ಲ. ಇದು ನಿನಗೆ ಗೊತ್ತಿಲ್ಲದ್ದಲ್ಲ, ಆದರೂ ಬರೆಯುತ್ತೇನೆ. ಇಷ್ಟು ವರ್ಷ ಹಳೆಯದು ಒಂದು ದಿನವಾದರೂ ಕಟ್ಟಿಕೊಂಡಿತಾ? ಉರಿಯಿತಾ? ಗೊತ್ತಿರುವ ದಾರಿ ಇರುವಾಗ ಹೊಸದನ್ನು ಹುಡುಕಿಕೊಂಡು ಹೋಗುವುದು ಯಾಕೆ? ರುಚಿ ನೋಡುವುದನ್ನು ಬೇರೆ ಯಾರಾದರೂ ಮಾಡಲಿ. ಬೇಕರಿಯಲ್ಲಿ ನಾಲಿಗೆ ಇರುವವಳು ನೀನೊಬ್ಬಳೇ ಅಲ್ಲವಲ್ಲ.

ಓವನ್ ಹತ್ತಿರ ಎಷ್ಟು ಹೊತ್ತು ನಿಲ್ಲುತ್ತೀಯ? ಬಿಸಿಗೆ ಇನ್ಸುಲಿನ್ ಕೆಡುತ್ತದೆ. ನಿನ್ನ ಯಜಮಾನರಿಗೆ ವಿಷಯ ಗೊತ್ತಿದೆಯಾ? ಅದನ್ನು ಬರೆ.

ಅಮ್ಮ


ಮಾರ್ಚ್ 2

ಅಮ್ಮಾ,

ಹೊಸದನ್ನೇ ತೆಗೆದುಕೊಂಡೆ. ಬೈಯುವ ಮುಂಚೆ ಪೂರ್ತಿ ಓದು.

ಹೋದ ಸೋಮವಾರ ಒಂದೇ ಬೆಳಿಗ್ಗೆ ಮೂರು ಬಗೆಯ ಚಾಕೊಲೇಟ್ ಕೆನೆ, ಎರಡು ಬಗೆಯ ಸ್ಪಂಜು, ಒಂದು ನಿಂಬೆ ಹಣ್ಣಿನ ಪಾಕ ರುಚಿ ನೋಡಿದೆ. ಒಂದೊಂದು ಚಮಚಕ್ಕೂ ಏಪ್ರನ್ ಒಳಗೆ ಕೈ ಹಾಕಿ ಗುಂಡಿ ಒತ್ತಿದೆ. ಮಧ್ಯಾಹ್ನ ನೋಡಿದರೆ ಫೋನಿನಲ್ಲಿ ಸಕ್ಕರೆಯ ಗೆರೆ ನೇರವಾಗಿ ಮಲಗಿದೆ. ನನ್ನ ಜನ್ಮದಲ್ಲಿ ಅಂಥ ಗೆರೆ ನೋಡಿರಲಿಲ್ಲ. ಕೈ ತೊಳೆಯುವ ಜಾಗಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಸ್ವಲ್ಪ ಅತ್ತೆ. ಸಿಹಿ ಬಾಯಿಗಿಟ್ಟ ಕೂಡಲೇ ಏನೋ ಕದ್ದು ತಿಂದ ಹಾಗೆ ಆಗುತ್ತಿತ್ತಲ್ಲ ನನಗೆ, ಆವತ್ತು ಹಾಗೆ ಆಗಲಿಲ್ಲ. ಎಲ್ಲರ ಹಾಗೆ ತಿಂದೆ, ಎಲ್ಲರ ಹಾಗೆ ಕೆಲಸ ಮಾಡಿದೆ.

ನಾಲಿಗೆ ಇರುವವಳು ನೀನೊಬ್ಬಳೇ ಅಲ್ಲ ಎಂದು ಬರೆದಿದ್ದೀಯ. ಆ ನಾಲಿಗೆಗೇ ಇಲ್ಲಿ ಕೆಲಸ ಕೊಟ್ಟಿರುವುದು.

ಯಜಮಾನರಿಗೆ ಎಲ್ಲ ಗೊತ್ತಿದೆ. ಮೊದಲ ದಿನವೇ ಪಂಪು ತೋರಿಸಿ ಹೇಳಿದೆ. "ಅದಕ್ಕೇನಂತೆ, ನಮ್ಮಮ್ಮನಿಗೂ ಸಕ್ಕರೆ ಇತ್ತು" ಎಂದರು. ನೀನು ಅದರ ಚಿಂತೆ ಬಿಡು.

ನಿನ್ನ ಗುಬ್ಬಿ


ಮಾರ್ಚ್ 11

ಗುಬ್ಬಿ,

ತೀರ್ಮಾನ ಮಾಡಿ ಆದ ಮೇಲೆ ತಿಳಿಸಿದ್ದೀಯ. ಒಳ್ಳೆಯದು. ದೊಡ್ಡವಳಾಗಿದ್ದೀಯ.

ಇಲ್ಲಿಯ ಡಾಕ್ಟರನ್ನು ಕೇಳಿದೆ. ಉರಿ ಬಂದರೆ ಆ ಜಾಗ ಬಿಟ್ಟು ಬೇರೆ ಕಡೆ ಸೂಜಿ ಕೂರಿಸಬೇಕು, ಸೆಟ್ಟು ಎರಡು ದಿನ ದಾಟಬಾರದು ಎಂದರು. ಉರಿ ಇದೆಯಾ? ಇದ್ದರೆ ಮುಚ್ಚಿಡಬೇಡ.

ಯಜಮಾನರಿಗೆ ಹೇಳಿದ್ದೀಯಲ್ಲ, ಅದೊಂದು ಸಮಾಧಾನ.

ಅಮ್ಮ


ಮಾರ್ಚ್ 27

ಗುಬ್ಬಿ,

ಉತ್ತರ ಇಲ್ಲ. ಹೊಸ ಏಪ್ರನ್ನಿಗೆ ಹೊಂದುವ ಹಾಗೆ ಎರಡು ಚೀಲ ಹೊಲಿದು ಕಳಿಸಿದ್ದೇನೆ. ಒಳಗೆ ದಪ್ಪ ಬಟ್ಟೆಯ ಪದರ ಕೊಟ್ಟಿದ್ದೇನೆ, ಬಿಸಿ ತಡೆಯಲಿ ಎಂದು. ತಲುಪಿತು ಎಂದಾದರೂ ಬರೆ. ಉರಿ ಇದೆಯಾ ಇಲ್ಲವಾ, ಒಂದೇ ಮಾತು ಸಾಕು.

ನಿಮ್ಮಪ್ಪ "ಕೆಲಸ ಜಾಸ್ತಿ ಇರ್ಬೇಕು ಬಿಡೇ" ಎನ್ನುತ್ತಾರೆ. ಅವರಿಗೆ ಯಾವಾಗಲೂ ಹಾಗೆ ಅನಿಸುತ್ತದೆ.

ಅಮ್ಮ


ಏಪ್ರಿಲ್ 6

ಅಮ್ಮಾ,

ಚೀಲ ಬಂತು. ಚೆನ್ನಾಗಿದೆ.

ಕೆಂಪು ಗುರುತು ಇದೆ, ಸೊಳ್ಳೆ ಕಚ್ಚಿದ ಹಾಗೆ. ಇನ್ಸುಲಿನ್ ಒಳಗೆ ಹೋಗುವಾಗ ಚುರುಚುರು ಎನ್ನುತ್ತದೆ. ತಡೆಯಲಾರದ್ದೇನಲ್ಲ. ಹೊಟ್ಟೆಯಲ್ಲಿ ಜಾಗ ಸಾಲದೆ ಈಗ ತೊಡೆಗೂ ಕೂರಿಸುತ್ತೇನೆ. ಎರಡು ದಿನಕ್ಕೇ ಬದಲಿಸಬೇಕು, ಕೆಲಸದ ಗಡಿಬಿಡಿಯಲ್ಲಿ ಒಮ್ಮೊಮ್ಮೆ ಮೂರನೇ ದಿನಕ್ಕೆ ಹೋಗುತ್ತದೆ. ಒಂದು ಸಲ ನಳಿಕೆ ಕಟ್ಟಿಕೊಂಡು ಪಂಪು ಕಿರುಚಿಕೊಂಡಿತು. ಸಕ್ಕರೆ ಸ್ವಲ್ಪ ಏರಿತ್ತು. ಇನ್ಸುಲಿನ್ ಪೆನ್ನಿನಿಂದ ಚುಚ್ಚಿಕೊಂಡು ಸೆಟ್ಟು ಬದಲಿಸಿದೆ, ಇಳಿಯಿತು. ಇದನ್ನು ನೀನೇ ಕಲಿಸಿದ್ದು.

ಸ್ವಲ್ಪ ಎಂದರೆ ಎಷ್ಟು ಎಂದು ಕೇಳಬೇಡ.

ತಿಂಗಳ ಕೊನೆಗೆ ದೊಡ್ಡದೊಂದು ಮದುವೆಯ ಕೇಕಿನ ಕೆಲಸ ಇದೆ. ಐದು ಅಂತಸ್ತು. ಕೆನೆಯ ಜವಾಬ್ದಾರಿ ಪೂರ್ತಿ ನನ್ನದು. ಅದು ಮುಗಿಯಲಿ, ಆಮೇಲೆ ಸರಿಯಾಗಿ ಬರೆಯುತ್ತೇನೆ.

ಗುಬ್ಬಿ


ಏಪ್ರಿಲ್ 15

ಗುಬ್ಬಿ,

ನಿನ್ನ ಕಾಗದ ಓದಿ ಹೆದರಿದ್ದೆ. ಈಗ ಸ್ವಲ್ಪ ನೆಮ್ಮದಿಯಾಗಿದ್ದೇನೆ. ಯಾಕೆ ಎಂದು ಕೇಳಬೇಡ. ನೀನೂ ಎಲ್ಲವನ್ನೂ ಹೇಳುವುದಿಲ್ಲವಲ್ಲ.

ಇಲ್ಲಿ ಸೆಖೆ. ಶಾಲೆಯ ಸಮವಸ್ತ್ರದ ಹೊಲಿಗೆ ಬಂದು ಬಿದ್ದಿದೆ, ತಲೆ ಎತ್ತಲು ಪುರಸೊತ್ತಿಲ್ಲ. ಮೈ ಜೋಪಾನ.

ಅಮ್ಮ


ಏಪ್ರಿಲ್ 21

ಅಮ್ಮಾ,

ಯಾಕೆ ನೆಮ್ಮದಿ ಎಂದು ಈಗ ಗೊತ್ತಾಯಿತು.

ನಿನ್ನೆ ಬೆಳಿಗ್ಗೆ ಯಜಮಾನರು ನನ್ನನ್ನು ಹಿಟ್ಟಿನ ಉಗ್ರಾಣಕ್ಕೆ ಕರೆದರು. ಬಾಗಿಲು ಮುಂದೆ ಮಾಡಿದರು. ನಾನು ಮದುವೆಯ ಕೇಕಿನ ಮಾತಿರಬೇಕು ಎಂದುಕೊಂಡು ಕೆನೆಯ ಮಾದರಿ ಕೈಯಲ್ಲೇ ಹಿಡಿದುಕೊಂಡು ಹೋದೆ.

"ಏನಮ್ಮಾ, ಹೊಟ್ಟೆಗೆ ಮಿಷನ್ ಕಟ್ಕೊಂಡಿದೀಯಂತೆ?" ಎಂದರು.

ನನ್ನ ಕೈ ತಾನಾಗಿ ಏಪ್ರನ್ ಮೇಲೆ ಹೋಯಿತು.

"ನಿಮ್ಮಮ್ಮ ಫೋನ್ ಮಾಡಿದ್ರು. ಪಂಪು ಬಿಸಿಗಾಗಲ್ಲ, ಓವನ್ ಹತ್ರ ನಿಲ್ಲಿಸ್ಬೇಡಿ ಅಂದ್ರು. ಯಾವ ಪಂಪು ಅಂತ ಕೇಳ್ದೆ. ಪಾಪ, ಎಲ್ಲಾ ಬಿಡಿಸಿ ಹೇಳಿದ್ರು. ಮೊನ್ನೆ ನಳಿಕೆ ಕಟ್ಕೊಂಡಿದ್ದು, ಅದು ನಿಂತ್ರೆ ಏನಾಗುತ್ತೆ, ಪ್ರಜ್ಞೆ ತಪ್ಪೋದು, ಎಲ್ಲಾ."

"ನನಗೆ ಯಾವತ್ತೂ ಪ್ರಜ್ಞೆ ತಪ್ಪಿಲ್ಲ ಸಾರ್" ಎಂದೆ.

"ತಪ್ಪಿದ ಮೇಲೆ ನಾನೇನ್ ಮಾಡ್ಲಿ? ಕಾದ ಓವನ್ ಮುಂದೆ ಬಿದ್ರೆ? ಒಬ್ಬಳು ಹೆಣ್ಣುಮಗಳ ಹೊಣೆ ನನ್ನ ತಲೆ ಮೇಲೆ ಬೇಡಮ್ಮ. ಡಬ್ಬ ಕಟ್ಟೋ ಮೇಜಿಗೆ ಹೋಗು. ಅಲ್ಲಿ ಫ್ಯಾನ್ ಇದೆ."

ಒಳ್ಳೆಯ ಮನುಷ್ಯ. ಬೈಯಲಿಲ್ಲ. ಕೆನೆಯ ಬಟ್ಟಲನ್ನು ನನ್ನ ಕೈಯಿಂದ ತೆಗೆದುಕೊಂಡರು, ರುಚಿ ಕೂಡ ನೋಡಲಿಲ್ಲ. ಅದನ್ನು ಅವರು ಎಲ್ಲಿ ಸುರಿದರೋ ಗೊತ್ತಿಲ್ಲ. ಕೇಕಿನ ಕೆಲಸ ಬೇರೆಯವರ ಪಾಲಾಯಿತು. ಈಗ ನನ್ನ ಪಂಪು ಒಂದು ಸಲ ಕುಂಯ್ ಎಂದರೂ ಎಲ್ಲರೂ ನನ್ನ ಹೊಟ್ಟೆಯ ಕಡೆ ನೋಡುತ್ತಾರೆ.

ಅವರಿಗೆ ಗೊತ್ತಿದೆ ಎಂದು ನಾನು ಬರೆದಿದ್ದು ನಿನ್ನ ನೆಮ್ಮದಿಗೆ. ಹೇಳಿದ್ದರೆ ಒಳಗೆ ಕಾಲಿಡಲೂ ಬಿಡುತ್ತಿರಲಿಲ್ಲ, ನೋಡಿದೆಯಲ್ಲ? ಅದು ಹೋಗಲಿ. ನನಗೆ ಒಂದೇ ಒಂದು ಮಾತು ಹೇಳು. "ಯಾವ ಪಂಪು" ಎಂದು ಅವರು ಕೇಳಿದರಲ್ಲ, ನಾನು ಹೇಳಿಲ್ಲ ಎಂದು ನಿನಗೆ ಆ ಕ್ಷಣವೇ ಗೊತ್ತಾಯಿತಲ್ಲ. ಆಗ ಯಾಕೆ ಫೋನ್ ಇಡಲಿಲ್ಲ?


ಏಪ್ರಿಲ್ 30

ಗುಬ್ಬಿ,

ಕೇಳಿದ್ದೀಯ, ಹೇಳುತ್ತೇನೆ.

ಹೌದು, ಗೊತ್ತಾಯಿತು. ನನ್ನ ಮಗಳು ಸುಳ್ಳು ಬರೆದಿದ್ದಾಳೆ ಎನ್ನುವುದು ಒಂದು. ಅವಳು ಹಗಲೆಲ್ಲ ಯಾರ ನಡುವೆ ನಿಂತಿರುತ್ತಾಳೋ ಆ ಜನಕ್ಕೆ ಏನೂ ಗೊತ್ತಿಲ್ಲ ಎನ್ನುವುದು ಇನ್ನೊಂದು. ನೀನು ಅಲ್ಲಿ ಬಿದ್ದರೆ ಅವರು ಮುಖಕ್ಕೆ ನೀರು ಚಿಮುಕಿಸಿ ಗಾಳಿ ಬೀಸುತ್ತಾರೆ. ಸಕ್ಕರೆ ಇಳಿದಿದೆಯೋ ಏರಿದೆಯೋ ಎಂದು ಒಬ್ಬರಿಗೂ ಹೊಳೆಯುವುದಿಲ್ಲ. ಅದಕ್ಕೇ ಫೋನ್ ಇಡಲಿಲ್ಲ. ಬಿಡಿಸಿ ಹೇಳಿದೆ. "ಹೆದರಬೇಡಿ, ಅವಳನ್ನ ಕೆಲಸದಿಂದ ತೆಗೀಬೇಡಿ, ಬಿಸಿಯಿಂದ ಸ್ವಲ್ಪ ದೂರ ಇಡಿ ಸಾಕು" ಎಂದು ಕೈ ಮುಗಿದು ಕೇಳಿಕೊಂಡೆ. ಫೋನಿನಲ್ಲಿ ಕೈ ಮುಗಿದದ್ದು ಯಾರಿಗೆ ಕಾಣುತ್ತದೆ. ಅದನ್ನು ಅವರು ನಿನಗೆ ಹೇಳಿರಲಿಕ್ಕಿಲ್ಲ.

ಗೊತ್ತಾದ ಮೇಲೂ ನಿನಗೆ ಯಾಕೆ ತಿಳಿಸಲಿಲ್ಲ ಎಂದು ನೀನು ಕೇಳಿಲ್ಲ.

ನೀನು ಮೇಜು ಬದಲಾಯಿತು ಎಂದು ಅಳುತ್ತೀಯ. ಆರನೇ ವಯಸ್ಸಿನಲ್ಲಿ ನಿನ್ನ ತುಟಿ ಒಣಗಿ, ಉಸಿರು ಮೇಲೆ ಕೆಳಗೆ ಆಗುತ್ತಾ, ನನ್ನ ತೋಳಿನ ಮೇಲೆ ಜೋತುಬಿದ್ದಿದ್ದ ದಿನವನ್ನು ನಾನು ನೋಡಿದ್ದೇನೆ. ನಿನಗೆ ಅದು ನೆನಪಿಲ್ಲ. ನೆನಪಿರುವುದು ನನಗೆ. ಈ ಹೊಸ ಇನ್ಸುಲಿನ್ ಬೇಡ ಎಂದು ಬಡಿದುಕೊಂಡೆ. ಆ ಕೆನೆ, ಆ ಕೇಕು, ಆ ಐದು ಅಂತಸ್ತು, ಇದಕ್ಕಾಗಿ ಮೈ ಸುಟ್ಟುಕೊಳ್ಳಬೇಕಾ?

ನಿಮ್ಮಪ್ಪ ಮೊನ್ನೆಯಿಂದ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ. ಅವರಿಗೆ ಸುಲಭ. ಅವರು ಸೂಜಿ ಹಿಡಿದವರಲ್ಲ.

ಅಮ್ಮ


ಮೇ 12

ಗುಬ್ಬಿ,

ಸಿಟ್ಟಿನಲ್ಲಿ ಬರೆದುಬಿಟ್ಟೆ. ಹೇಗಿದ್ದೀಯ?

ಅಮ್ಮ


ಮೇ 25

ಗುಬ್ಬಿ,

ಫೋನ್ ಮಾಡಿದರೆ ಎತ್ತುವುದಿಲ್ಲ. ನಿಮ್ಮಪ್ಪನ ಫೋನಿನಿಂದ ಮಾಡಿದರೂ ಇಲ್ಲ. ಬೇಕರಿಗೆ ಮಾಡೋಣ ಎಂದು ನಂಬರ್ ಒತ್ತಿ, ಗಂಟೆ ಬಾರಿಸುವ ಮುಂಚೆ ಕತ್ತರಿಸಿದೆ. ಬೈದು ಬರೆದರೂ ಸರಿ, ಬರೆ.

ಅಮ್ಮ


ಜೂನ್ 9

ಅಮ್ಮನಿಗೆ,

ನಾನು ಆಸ್ಪತ್ರೆಯಲ್ಲಿದ್ದೆ. ಈಗ ಗುಣವಾಗಿದ್ದೇನೆ. ಮೊದಲು ಇದನ್ನು ಓದಿಕೊಂಡು, ನೀರು ಕುಡಿದು, ಮಿಕ್ಕಿದ್ದನ್ನು ಓದು.

ಪಂಪಿನ ಸದ್ದನ್ನೂ ಫೋನಿನ ಸದ್ದನ್ನೂ ನಿಲ್ಲಿಸಿ, ಬರೀ ನಡುಗುವ ಹಾಗೆ ಮಾಡಿಟ್ಟಿದ್ದೆ. ಡಬ್ಬ ಕಟ್ಟುವ ಮೇಜಿನ ಹತ್ತಿರ ಗಿರಾಕಿಗಳು ನಿಂತಿರುತ್ತಾರೆ, ಕಿರುಚಿದರೆ ಅವರೂ ಗಾಬರಿ, ಯಜಮಾನರೂ ಗಾಬರಿ. ಸೆಟ್ಟು ಬದಲಿಸುವ ದಿನ ಬದಲಿಸಲಿಲ್ಲ. ಮರೆತಿರಲಿಲ್ಲ. ಉರಿಯುವ ಜಾಗಗಳ ನಡುವೆ ಹೊಸ ಜಾಗ ಹುಡುಕಲು ಬೇಜಾರಾಗಿತ್ತು, ನಾಳೆ ನೋಡೋಣ ಎಂದು ಬಿಟ್ಟೆ. ನೀನು ಹೊಲಿದ ಚೀಲದ ದಪ್ಪ ಪದರ, ಮೇಲೆ ಏಪ್ರನ್. ಪಂಪು ಎಷ್ಟು ಹೊತ್ತು ನಡುಗಿತೋ, ನನಗೆ ಗೊತ್ತಾಗಲೇ ಇಲ್ಲ. ಬಾಯಾರಿಕೆಯಾಯಿತು, ಆಮೇಲೆ ವಾಂತಿ. ತಿಂದದ್ದು ಹಿಡಿಸಲಿಲ್ಲ ಎಂದುಕೊಂಡು, ಫೋನಿನ ಅಂಕಿಯನ್ನೂ ನೋಡದೆ ಕೋಣೆಗೆ ಹೋಗಿ ಮಲಗಿದೆ. ನನ್ನ ಜೊತೆ ಕೋಣೆಯಲ್ಲಿರುವವಳು, ಸಿನಿಮಾ ಮಂದಿರದಲ್ಲಿ ಟಿಕೆಟ್ ಕೊಡುವವಳು, ಸಂಜೆ ಬಂದು ನನ್ನ ಉಸಿರಾಟ ನೋಡಿ ಕೆಳಗಿನ ಮನೆಯವರನ್ನು ಕೂಗಿದಳಂತೆ. ಅವಳಿಗೆ ನಾನು ಎಲ್ಲ ಹೇಳಿದ್ದೆ. ನೀನು ಕೇಳುವ ಮುಂಚೆಯೇ ಬರೆದೆ.

ಎಚ್ಚರವಾದ ಮೇಲೆ ನರ್ಸ್ ಬಂದು, "ಮನೆಯವರಿಗೆ ತಿಳಿಸ್ಬೇಕಲ್ಲಮ್ಮ, ನಂಬರ್ ಹೇಳು" ಎಂದರು. ಟಿಕೆಟ್ ಕೊಡುವವಳ ನಂಬರ್ ಕೊಟ್ಟೆ.

"ಇವರು ನಿಂಗೆ ಏನಾಗ್ಬೇಕು?"

"ಅಕ್ಕ" ಎಂದೆ.

ಬೇಕರಿ ಬಿಟ್ಟೆ. ಅವರು ತೆಗೆಯಲಿಲ್ಲ, ನಾನೇ ಬಿಟ್ಟೆ. ಯಜಮಾನರು ಒಂದು ದಿನ ಹಣ್ಣು ತೆಗೆದುಕೊಂಡು ಆಸ್ಪತ್ರೆಗೆ ಬಂದು, "ನಾನು ಹೇಳಲಿಲ್ವಾ?" ಎಂಬ ಮುಖ ಮಾಡಿಕೊಂಡು ಕೂತಿದ್ದರು. ನೀನು ಬಂದಿದ್ದರೂ ಅದೇ ಮುಖ ಇರುತ್ತಿತ್ತು. ಒಂದು ಮಂಚದ ಪಕ್ಕ ಅಂಥ ಮುಖ ಒಂದೇ ಸಾಕು ಅನಿಸಿತು. ಈಗ ಒಂದು ಕಾಗದದ ಗೋದಾಮಿನಲ್ಲಿ ಕುರ್ಚಿಯ ಮೇಲೆ ಕೂತು ಚೀಟಿ ಅಂಟಿಸುತ್ತೇನೆ. ತಂಪಾಗಿದೆ. ಊಟ ಹೊತ್ತಿಗೆ ಸರಿಯಾಗಿ. ನಡುವೆ ಯಾರೂ ಬಾಯಿಗೆ ಏನೂ ಕೊಡುವುದಿಲ್ಲ.

ಹೋದ ವಾರ ಡಾಕ್ಟರಮ್ಮ ಮತ್ತೆ ಆ ಬಾಟಲಿಗಳನ್ನು ಮುಂದಿಟ್ಟರು. "ಹೊಸದು ನಿನ್ನ ಚರ್ಮಕ್ಕೆ ಹಿಡಿಸ್ಲಿಲ್ಲ. ಆದರೂ ಬೇಕೇ ಬೇಕು ಅಂದ್ರೆ ಬೇರೆ ನಮೂನೆ ಸೆಟ್ಟು ಹಾಕಿ ಇನ್ನೊಂದು ಸಲ ನೋಡ್ಬಹುದು. ಈಗ ನಿನ್ನ ದಿನ ಹೇಗಿರುತ್ತೆ ಹೇಳು" ಎಂದರು.

ಹೇಳಿದೆ. ಬೆಳಿಗ್ಗೆ ತಿಂಡಿ, ಮಧ್ಯಾಹ್ನ ಊಟ, ರಾತ್ರಿ ಊಟ. ಕಾಲು ಗಂಟೆ ಮುಂಚೆ ಗುಂಡಿ ಒತ್ತುವುದಕ್ಕೆ ಬೇಕಾದಷ್ಟು ಪುರಸೊತ್ತಿದೆ.

"ಹಾಗಾದ್ರೆ ಹಳೇದೇ ಸಾಕಲ್ಲಮ್ಮ" ಎಂದರು ಅವರು. ಸಾಕು ಎಂದೆ.

ಉರಿ ನಿಂತಿದೆ. ಗುರುತುಗಳು ಮಾಯುತ್ತಿವೆ. ನಳಿಕೆ ಕಟ್ಟುವುದಿಲ್ಲ. ನೀನು ಯಾವುದನ್ನು ಹಾಕಿಕೋ ಎಂದಿದ್ದೆಯೋ ಅದನ್ನೇ ಹಾಕಿಕೊಂಡಿದ್ದೇನೆ, ಅದಕ್ಕೆ ಹೊಂದುವಂಥ ದಿನವೂ ಸಿಕ್ಕಿದೆ. ನೀನು ಗೆದ್ದೆ ಅಮ್ಮಾ.

ಕೋಣೆ ಬದಲಿಸಿದ್ದೇನೆ. ಟಿಕೆಟ್ ಕೊಡುವವಳೂ ನನ್ನ ಜೊತೆ ಬಂದಿದ್ದಾಳೆ. ವಿಳಾಸ ಬರೆಯುತ್ತಿಲ್ಲ.


ಜೂನ್ 23

ಗುಬ್ಬಿ,

ನೀರು ಕುಡಿಯದೆ ಓದಿದೆ.

ಓದಿ ಮುಗಿಸಿ, ಚೀಲಕ್ಕೆ ಎರಡು ಸೀರೆ ತುರುಕಿಕೊಂಡು ಬಸ್ ನಿಲ್ದಾಣಕ್ಕೆ ಹೋದೆ. ಕಂಡಕ್ಟರ್ "ಎಲ್ಲಿಗಮ್ಮಾ?" ಎಂದ. ಊರಿನ ಹೆಸರು ಹೇಳಿದೆ. ಟಿಕೆಟ್ ಹರಿಯುತ್ತಾ "ಊರಲ್ಲಿ ಎಲ್ಲಿ ಇಳೀತೀರಿ?" ಎಂದ. ನೀನು ವಿಳಾಸ ಬರೆದಿಲ್ಲವಲ್ಲ. ಇಳಿದು ಮನೆಗೆ ಬಂದೆ. ನಿಮ್ಮಪ್ಪ ಬಾಗಿಲಲ್ಲೇ ನಿಂತಿದ್ದರು. ಎಲ್ಲಿಗೆ ಹೋಗಿದ್ದೆ ಎಂದು ಕೇಳಲಿಲ್ಲ. ಕೈಯಿಂದ ಚೀಲ ತೆಗೆದುಕೊಂಡು, "ಉಸಿರಾಡ್ತಿದಾಳಲ್ಲ, ಅಷ್ಟು ಸಾಕು ಅಂತ ತಾನೇ ನೀನು ಇಷ್ಟು ವರ್ಷ ಇದ್ದಿದ್ದು? ಸಿಕ್ತಲ್ಲ" ಎಂದರು. ಅವರು ಅಷ್ಟು ಕಹಿಯಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಆಮೇಲೆ ಅವರೇ ಅನ್ನಕ್ಕಿಟ್ಟರು. ಇಬ್ಬರೂ ಉಣ್ಣಲಿಲ್ಲ.

ಅಕ್ಕ ಎಂದೆಯಂತೆ. ನನಗೆ ನೀನೊಬ್ಬಳೇ ಮಗಳು. ಇರಲಿ. ಅವಳು ಸಂಜೆ ಹೊತ್ತಿಗೆ ಬಂದಳಲ್ಲ, ನಿನ್ನ ಉಸಿರು ಕೇಳಿದಳಲ್ಲ. ಅವಳಿಗೆ ನನ್ನ ಹೆಸರು ಹೇಳಿ ಏನಾದರೂ ಕೊಡು ಎನ್ನೋಣ ಎಂದುಕೊಂಡೆ. ನನ್ನ ಹೆಸರು ನೀನು ಹೇಳಲಾರೆ ಎಂದು ಆಮೇಲೆ ಹೊಳೆಯಿತು.

ನಾಳೆ ಮತ್ತೆ ಹಾಗೇ ಆದರೆ ನೀನು ಕೆಲಸ ಮಾಡುವ ಕಡೆಗೆ ಫೋನ್ ಮಾಡುವುದಿಲ್ಲ ಎಂದು ಬರೆಯಲು ಕೂತೆ. ಕೈ ಮುಂದೆ ಹೋಗಲಿಲ್ಲ. ಮಾಡುತ್ತೇನೆ ಗುಬ್ಬಿ. ನನಗೆ ಬೇರೆ ಥರ ಇರಲು ಬರುವುದಿಲ್ಲ. ಆದರೆ ಗೆದ್ದೆ ಎಂದು ಮಾತ್ರ ಬರೆಯಬೇಡ. ನಾನು ಬೇಡಿದ್ದು ಹಳೆಯ ಇನ್ಸುಲಿನ್. ಕಾಗದದ ಗೋದಾಮನ್ನು ನಾನು ಬೇಡಲಿಲ್ಲ. ಒಂದನ್ನು ಕೇಳಿದರೆ ಇನ್ನೊಂದೂ ಅದರ ಜೊತೆಗೇ ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಡಾಕ್ಟರಮ್ಮ ನಿನ್ನ ದಿನ ಹೇಗಿರುತ್ತದೆ ಎಂದು ಕೇಳಿದ ಹಾಗೆ ನಾನು ಕೇಳಿದ್ದರೆ ಗೊತ್ತಾಗುತ್ತಿತ್ತೋ ಏನೋ.

ಈ ಕಾಗದವನ್ನು ಡಾಕ್ಟರಮ್ಮನ ಚಿಕಿತ್ಸಾಲಯಕ್ಕೆ ಹಾಕುತ್ತಿದ್ದೇನೆ. ನೀನು ಅಲ್ಲಿಗೆ ಹೋದಾಗ ಕೊಡುತ್ತಾರೆ. ನೀನು ಬೇಡ ಎಂದರೆ ವಾಪಸು ಕಳಿಸಲಿ ಎಂದು ಲಕೋಟೆಯ ಹಿಂದೆ ನಮ್ಮ ವಿಳಾಸ ದೊಡ್ಡದಾಗಿ ಬರೆದಿದ್ದೇನೆ. ವಾಪಸು ಬರದೇ ಇದ್ದರೆ ನೀನು ಓದಿದೆ ಎಂದುಕೊಳ್ಳುತ್ತೇನೆ. ನನಗೆ ಅಷ್ಟೇ ಸಾಕು ಎಂದು ಬರೆದು ಮುಗಿಸಬೇಕು ಎಂದುಕೊಂಡಿದ್ದೆ.

ಸಾಕಾಗುವುದಿಲ್ಲ.

ಅಮ್ಮ